ಹೊರಗಿನ ರಾಸಾಯನಿಕ ಇಲಿಯ ಲಿವರ್‌ನಲ್ಲಿ ಯಾವ ಜೀನ್ ಎಬ್ಬಿಸಿತು? ಅಳೆಯುವ ಸಮಗ್ರ ಮಾರ್ಗದರ್ಶಿ

“ಕಂಟ್ರೋಲ್ ಇಲಿಗಳಲ್ಲೇ ಜೀನ್ ಏರಿಬಿಟ್ಟಿದೆ, ಈಗೇನು ಮಾಡಲಿ?” ಇಷ್ಟು ಸಲ ನನ್ನ ಹತ್ತಿರ ಬರುವ ಪ್ರಶ್ನೆ ಬೇರೊಂದಿಲ್ಲ. (ಕಂಟ್ರೋಲ್ ಅಂದರೆ ರಾಸಾಯನಿಕ ಕೊಡದೆ ಹೋಲಿಕೆಗೆ ಇಟ್ಟ ಇಲಿ. ಜೀನ್ ಏರುವುದು ಅಂದರೆ ಆ ಜೀನ್‌ನಿಂದ ಬರುವ ಆರ್‌ಎನ್‌ಎ ಹೆಚ್ಚುವುದು.) ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: “ಔಷಧ ಕೊಟ್ಟ ಗುಂಪಿನಲ್ಲಿ ಒಂದು ಇಲಿಗೆ 5 ಪಟ್ಟು, ಪಕ್ಕದ ಇಲಿಗೆ 300 ಪಟ್ಟು. ಯಾವುದನ್ನು ನಂಬಲಿ?” ಕೇಳುವವರು ಆ ಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್ ಯಂತ್ರದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ. ಆದರೆ ತಪ್ಪು ಯಂತ್ರದ ಹತ್ತಿರ ಆಗಿರುವುದು ಕಡಿಮೆ. ಎರಡು ವಾರ ಹಿಂದೆ ಅನಿಮಲ್ ಹೌಸ್‌ನಲ್ಲಿ ಆಗಿರುತ್ತದೆ.

ಲಿವರ್‌ಗೆ ನಿಮ್ಮ ರಾಸಾಯನಿಕ ಯಾವುದು, ಪಂಜರದ ಹೊಟ್ಟು ಯಾವುದು, ಹಸಿವು ಯಾವುದು ಅಂತ ಬೇರೆ ಬೇರೆ ಲೆಕ್ಕ ಇಲ್ಲ. ಹೊರಗಿಂದ ಏನೇ ಬಂದರೂ ಅದೇ ನಾಲ್ಕೈದು ದಾರಿಗಳಲ್ಲಿ ಉತ್ತರ ಕೊಡುತ್ತದೆ. ಆದ್ದರಿಂದ ಬೇರೆ ಎಲ್ಲ ಸದ್ದು ಅಡಗಿಸಿ ನಿಮ್ಮ ರಾಸಾಯನಿಕದ ಸದ್ದನ್ನು ಮಾತ್ರ ಕೇಳಿಸಿಕೊಳ್ಳುವುದೇ ಇಲ್ಲಿನ ಅರ್ಧಕ್ಕಿಂತ ಜಾಸ್ತಿ ಕೆಲಸ.

ಉದಾಹರಣೆಗೆ ಒಂದೇ ಪ್ರಯೋಗ ಇಟ್ಟುಕೊಳ್ಳೋಣ: ಗಂಡು ಸಿ57ಬಿಎಲ್/6 ತಳಿಯ ಮೌಸ್‌ಗೆ ಫಿನೋಬಾರ್ಬಿಟಲ್ (ಮೂರ್ಛೆರೋಗದ ಹಳೆಯ ಔಷಧ) ಕೊಟ್ಟು ಲಿವರ್‌ನಲ್ಲಿ ಸಿಪ್2ಬಿ10 ಜೀನ್ ಅಳೆಯುವುದು. ಸಿಪ್ ಅಂದರೆ ಔಷಧದಂಥ ಹೊರಗಿನ ವಸ್ತು ಒಡೆಯುವ ಕಿಣ್ವಗಳ ಬಳಗ. ‘ಇಲಿ’ ಅಂದಾಗ ಮೌಸ್, ರ್ಯಾಟ್ ಎರಡೂ ಸೇರಿವೆ. ಭೇದ ಮುಖ್ಯವಾದ ಕಡೆ ಹೆಸರು ಹಿಡಿದೇ ಹೇಳುತ್ತೇನೆ.

## ಶುರು ಮಾಡುವ ಮೊದಲು: ಕಾಗದ ಮತ್ತು ಸಾಮಾನು

ಭಾರತದಲ್ಲಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ, ಅಂದರೆ ಐಎಇಸಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅದರ ಮೇಲೆ ಸಿಸಿಎಸ್‌ಇಎ ಇದೆ (ಹಳಬರು ಈಗಲೂ ಸಿಪಿಸಿಎಸ್‌ಇಎ ಅನ್ನುತ್ತಾರೆ). ಇದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿ. ಫಿನೋಬಾರ್ಬಿಟಲ್ ಕೂಡ ನಿಯಂತ್ರಿತ ಔಷಧ. ಅದನ್ನು ತರಿಸುವ ಕಾಗದಪತ್ರ ಮೊದಲೇ ಶುರು ಮಾಡಿ. ಇಲಿ ಬಂದು, ಔಷಧ ಬಾರದೆ, ಇಲಿಗಳು ಸುಮ್ನೆ ವಯಸ್ಸಾಗುತ್ತಾ ಕೂರುವುದನ್ನು ನೋಡಿದ್ದೇನೆ.

ಬೇಕಾಗುವ ಸಾಮಾನು: ಸಣ್ಣ ತೂಕವನ್ನೂ ನಿಖರವಾಗಿ ಓದುವ ತಕ್ಕಡಿ, ಇನ್ಸುಲಿನ್ ಸಿರಿಂಜ್, ಲಿಕ್ವಿಡ್ ನೈಟ್ರೋಜನ್, ಮೈನಸ್ 80 ಡಿಗ್ರಿ ಫ್ರೀಜರ್, ಆರ್‌ಎನ್‌ಎ ಬೇರ್ಪಡಿಸಲು ಟ್ರೈಜಾಲ್ ಅಥವಾ ಕಾಲಂ ಕಿಟ್, ಉಳಿದ ಡಿಎನ್‌ಎ ಒಡೆಯಲು ಡಿಎನ್‌ಏಸ್, ತಣ್ಣಗೆ ತಿರುಗುವ ಸೆಂಟ್ರಿಫ್ಯೂಜ್, ಆರ್‌ಎನ್‌ಎ ಪ್ರಮಾಣ ಮತ್ತು ಶುದ್ಧತೆ ಓದುವ ನ್ಯಾನೋಡ್ರಾಪ್, ಕ್ಯೂಪಿಸಿಆರ್ ಯಂತ್ರ. ಇದರ ಜೊತೆಗೆ ಇಲಿಗೊಂದು ಸಾಲು ಇರುವ ನೋಟ್‌ಬುಕ್. ತಮಾಷೆಯಲ್ಲ, ಕೊನೆಯಲ್ಲಿ ಮಾನ ಉಳಿಸುವುದು ಅದೇ.

ಫ್ರೀಜರ್‌ಗೆ ಜನರೇಟರ್ ಲೈನ್ ಇದೆಯಾ ಅಂತಲೂ ನೋಡಿ. ವಾರದ ಕೊನೆಯಲ್ಲಿ ಕರೆಂಟ್ ಹೋಗಿ ಸೋಮವಾರ ಬಂದು ನೋಡಿದರೆ ಲಿವರ್ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಟ್ಯೂಬ್‌ನಲ್ಲಿ ಐಸ್ ಮಾಡಿ ಅದರ ಮೇಲೆ ನಾಣ್ಯ ಇಟ್ಟು ಫ್ರೀಜರ್‌ನಲ್ಲಿಡಿ. ನಾಣ್ಯ ಕೆಳಗಿಳಿದಿದ್ದರೆ ಕರಗಿತ್ತು ಅಂತ ಅರ್ಥ.

## ಹಂತ 1: ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ

“ಜೀನ್ ಬದಲಾಯಿತಾ?” ಅನ್ನುವುದು ಪ್ರಶ್ನೆಯೇ ಅಲ್ಲ. ಎಷ್ಟೋ ಜೀನ್ ಬದಲಾಗಿಯೇ ಆಗುತ್ತವೆ. ಯಾವ ದಾರಿಯಲ್ಲಿ ಬದಲಾಯಿತು ಅಂತ ಕೇಳಿ. ಲಿವರ್‌ನಲ್ಲಿ ಮುಖ್ಯ ದಾರಿಗಳು ಇವು. ಪ್ರತಿ ಸಾಲಿನ ಮೊದಲ ಹೆಸರು ಹೊರಗಿನ ರಾಸಾಯನಿಕಕ್ಕೆ ಉತ್ತರವಾಗಿ ಜೀನ್ ಏರಿಸುವ ಪ್ರೋಟೀನ್‌ನದು, ಆಮೇಲೆ ಅದು ಏರಿಸುವ ಜೀನ್, ‘ಎಬ್ಬಿಸಲು’ ಅಂದಿರುವುದು ಅದನ್ನು ಎಚ್ಚರಿಸುವ ರಾಸಾಯನಿಕ:

- ಎಎಚ್‌ಆರ್. ಏರುವ ಜೀನ್ ಸಿಪ್1ಎ1, ಸಿಪ್1ಎ2. ಎಬ್ಬಿಸಲು ಬೀಟಾ-ನ್ಯಾಫ್ತೋಫ್ಲಾವೋನ್. ಡಯಾಕ್ಸಿನ್ ಇದಕ್ಕಿಂತ ಜೋರು, ಆದರೆ ಕಲಿಯುವವರ ಕೈಗೆ ಕೊಡುವ ವಸ್ತು ಅಲ್ಲ.
- ಕಾರ್. ಮೌಸ್‌ನಲ್ಲಿ ಸಿಪ್2ಬಿ10, ರ್ಯಾಟ್‌ನಲ್ಲಿ ಸಿಪ್2ಬಿ1 ಮತ್ತು ಸಿಪ್2ಬಿ2. ಎಬ್ಬಿಸಲು ಫಿನೋಬಾರ್ಬಿಟಲ್. ಟಿಸಿಪಿಒಬಿಒಪಿ ಮೌಸ್‌ನಲ್ಲಿ ಭಾರೀ ಜೋರು, ರ್ಯಾಟ್‌ನಲ್ಲಿ ಅದನ್ನು ನಂಬಿಕೊಂಡರೆ ಕೆಟ್ಟಿರಿ.
- ಪಿಎಕ್ಸ್‌ಆರ್. ಮೌಸ್‌ನಲ್ಲಿ ಸಿಪ್3ಎ11, ರ್ಯಾಟ್‌ನಲ್ಲಿ ಸಿಪ್3ಎ23. ಎಬ್ಬಿಸಲು ಪಿಸಿಎನ್.
- ಪಿಪಿಎಆರ್-ಆಲ್ಫಾ. ಸಿಪ್4ಎ10, ಸಿಪ್4ಎ14. ಎಬ್ಬಿಸಲು ಫೆನೋಫೈಬ್ರೇಟ್ ಅಥವಾ ಡಬ್ಲ್ಯೂವೈ-14643.
- ಎನ್‌ಆರ್‌ಎಫ್2. ಎನ್‌ಕ್ಯೂಒ1. ಇದು ರಿಸೆಪ್ಟರ್ ಅಲ್ಲ, ಆದರೂ ಪಟ್ಟಿಯಲ್ಲಿ ಇರಲೇಬೇಕು.

ನಿಮ್ಮದು ಹೊಸ ರಾಸಾಯನಿಕವಾದರೆ (ಒಂದು ಕೀಟನಾಶಕ, ಒಂದು ಗಿಡದ ಸಾರ, ಏನೇ ಇರಲಿ) ಈ ಐದೂ ದಾರಿಯಿಂದ ಒಂದೊಂದು ಜೀನ್ ಅಳೆಯಿರಿ. ಜೊತೆಗೆ ಗೊತ್ತಿರುವ ಒಂದು ಪ್ರಚೋದಕ ಕೊಟ್ಟ ಗುಂಪನ್ನೂ ಇಡಿ. ಇದು ಪಾಸಿಟಿವ್ ಕಂಟ್ರೋಲ್. ಇದಿಲ್ಲದೆ “ಏನೂ ಏರಲಿಲ್ಲ” ಎಂಬ ಫಲಿತಾಂಶ ಬಂದರೆ ರಾಸಾಯನಿಕ ಸುಮ್ಮನಿತ್ತೋ, ನಿಮ್ಮ ಪ್ರೈಮರ್ (ಬೇಕಾದ ಜೀನ್ ಹುಡುಕಿ ಹಿಡಿಯುವ ಪುಟ್ಟ ಡಿಎನ್‌ಎ ತುಂಡು) ಸುಮ್ಮನಿತ್ತೋ ಹೇಳಲು ಯಾರಿಂದಲೂ ಆಗದು.

ಮೊದಲ ಸಲ ಮಾಡುವವರಿಗೆ ನನ್ನ ಮಾತು ಒಂದೇ. ಹೊಸ ರಾಸಾಯನಿಕ ಪಕ್ಕಕ್ಕಿಡಿ. ಫಿನೋಬಾರ್ಬಿಟಲ್‌ನಲ್ಲಿ ಸಿಪ್2ಬಿ10 ಏರಿಸಿ ತೋರಿಸಿ, ಆಮೇಲೆ ಹೊಸದಕ್ಕೆ ಕೈ ಹಾಕಿ.

## ಹಂತ 2: ಡೋಸ್ ಮತ್ತು ಸಮಯ

ಸಾಮಾನ್ಯವಾಗಿ ಬಳಕೆಯಲ್ಲಿರುವ ಡೋಸ್ ದಿನಕ್ಕೆ ಕೆ.ಜಿ.ಗೆ 80 ಮಿ.ಗ್ರಾಂ, ಹೊಟ್ಟೆಯೊಳಗೆ ಇಂಜೆಕ್ಷನ್, 3 ದಿನ. ಕೊನೆಯ ಡೋಸ್ ಆಗಿ 24 ಗಂಟೆಗೆ ಲಿವರ್ ತೆಗೆಯುವುದು.

ಲೆಕ್ಕ ಹೀಗೆ. ಮೌಸ್ 25 ಗ್ರಾಂ ಇದ್ದರೆ ಬೇಕಾಗುವುದು 2 ಮಿ.ಗ್ರಾಂ. ಕೆ.ಜಿ.ಗೆ 10 ಮಿ.ಲೀ. ದ್ರಾವಣದಂತೆ ಕೊಟ್ಟರೆ ಆ ಮೌಸ್‌ಗೆ 0.25 ಮಿ.ಲೀ. ಅಂದರೆ ದ್ರಾವಣ ಮಿ.ಲೀ.ಗೆ 8 ಮಿ.ಗ್ರಾಂ ಇರಬೇಕು. ಪ್ರತಿ ದಿನ ತೂಕ ನೋಡಿ ಡೋಸ್ ಹಾಕಿ, ಮೊದಲ ದಿನದ ತೂಕದ ಮೇಲೆ ಮೂರೂ ದಿನ ಓಡಿಸಬೇಡಿ.

ಇಲ್ಲಿ ಒಂದು ಸಣ್ಣ ಗುಂಡಿ ಇದೆ. ಸಲೈನ್‌ನಲ್ಲಿ ಸಲೀಸಾಗಿ ಕರಗುವುದು ಫಿನೋಬಾರ್ಬಿಟಲ್‌ನ ಸೋಡಿಯಂ ಉಪ್ಪು. ಅದರ ಅಣುತೂಕ 254, ಬರೀ ಫಿನೋಬಾರ್ಬಿಟಲ್‌ನದು 232. ನೀವು ತೂಗಿದ್ದು ಯಾವುದು ಅಂತ ಬರೆದಿಡದಿದ್ದರೆ ಸುಮಾರು 9 ಶೇಕಡಾ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಒಳಗೆ ಸೇರಿಕೊಳ್ಳುತ್ತದೆ.

ಪಿಸಿಎನ್, ಟಿಸಿಪಿಒಬಿಒಪಿ ನೀರಿನಲ್ಲಿ ಕರಗುವುದಿಲ್ಲ. ಜೋಳದ ಎಣ್ಣೆ ಬೇಕು. ಆಗ ಕಂಟ್ರೋಲ್ ಇಲಿಗಳಿಗೂ ಅಷ್ಟೇ ಎಣ್ಣೆ, ಅದೇ ಬಾಟಲಿಯಿಂದ, ಅದೇ ಹೊತ್ತಿಗೆ ಕೊಡಬೇಕು. “ಕಂಟ್ರೋಲ್‌ಗೆ ಏನೂ ಕೊಡಲಿಲ್ಲ” ಅನ್ನುವ ಥೀಸಿಸ್‌ಗಳನ್ನು ಇವತ್ತಿಗೂ ನೋಡುತ್ತಿದ್ದೇನೆ. ಎಣ್ಣೆ ಕೊಬ್ಬು ಅಲ್ವಾ? ಸೂಜಿ ಚುಚ್ಚಿದ ಗಾಬರಿ ಬೇರೆ. ಅವೆರಡನ್ನೂ ಕಂಟ್ರೋಲ್ ಇಲಿಯೂ ಅನುಭವಿಸಬೇಕು.

ಸಮಯ ಆರಿಸುವಾಗ ಒಂದು ವಿಷಯ ನೆನಪಿರಲಿ. ಕೆಲವೇ ಗಂಟೆಗಳಲ್ಲಿ ಏರುವ ಜೀನ್ ರಾಸಾಯನಿಕಕ್ಕೆ ನೇರವಾಗಿ ಉತ್ತರಿಸುತ್ತಿರುವ ಸಾಧ್ಯತೆ ಜಾಸ್ತಿ. 3 ದಿನದ ಮೇಲೆ ನೋಡಿದರೆ ನೇರ ಉತ್ತರ, ಲಿವರ್ ದಪ್ಪಗಾದದ್ದರ ಉತ್ತರ, ಗಾಯದ ಉತ್ತರ ಎಲ್ಲ ಕಲಸಿರುತ್ತವೆ. ದುಡ್ಡು ಮತ್ತು ಇಲಿ ಇದ್ದರೆ 6 ಗಂಟೆಯದ್ದೊಂದು, 72 ಗಂಟೆಯದ್ದೊಂದು ಎರಡೂ ಇಡಿ.

## ಹಂತ 3: ಅನಿಮಲ್ ಹೌಸ್ (ಇಲ್ಲಿ ನಿಧಾನವಾಗಿ ಓದಿ)

ಹೊಟ್ಟು. ಪಂಜರದ ತಳಕ್ಕೆ ಏನು ಹಾಸಿದ್ದಾರೆ ಅಂತ ನೀವೇ ಹೋಗಿ ಬಗ್ಗಿ ನೋಡಿ. ಸೀಡರ್, ಪೈನ್‌ನಂಥ ಮೆದು ಮರದ ಹೊಟ್ಟು ಲಿವರ್‌ನ ಔಷಧ ಒಡೆಯುವ ಕಿಣ್ವಗಳನ್ನು ತಾನೇ ಏರಿಸುತ್ತದೆ. ಇದು 1967ರಲ್ಲೇ ಪ್ರಕಟವಾದ ವಿಷಯ. ಆದರೂ ಹೊಟ್ಟು ತರಿಸುವವರಿಗೆ ಅದು ಗೊತ್ತಿರಬೇಕಿಲ್ಲ. ಒಮ್ಮೆ ನನ್ನ ಪ್ರಯೋಗದ ನಡುವೆಯೇ ಹೊಟ್ಟು ಬದಲಾಯಿತು. ಕಂಟ್ರೋಲ್ ಇಲಿಗಳ ಸಿಪ್2ಬಿ10 ಮೇಲೆದ್ದಿತು. ಎರಡು ತಿಂಗಳು ಪ್ರೈಮರ್ ಮೇಲೆ ಅನುಮಾನ ಪಟ್ಟೆ. ಕೊನೆಗೆ ಪಂಜರ ತೊಳೆಯುವ ಅಣ್ಣ ಹೇಳಿದರು, “ಈಗಿನ ಹೊಟ್ಟು ಚೆನ್ನಾಗಿ ವಾಸನೆ ಬರುತ್ತೆ ಸರ್” ಅಂತ. ಅವರನ್ನು ಮೊದಲ ದಿನವೇ ಕೇಳಬೇಕಿತ್ತು.

ಆಹಾರ. ಇಡೀ ಪ್ರಯೋಗಕ್ಕೆ ಒಂದೇ ಬ್ಯಾಚ್‌ನ ಆಹಾರ ಎತ್ತಿಡಿ. ಆಹಾರ ಕೆಡದಂತೆ ಹಾಕುವ ಇಥಾಕ್ಸಿಕ್ವಿನ್‌ನಂಥ ವಸ್ತುವೂ ಲಿವರ್ ಕಿಣ್ವಗಳನ್ನು ಏರಿಸಬಲ್ಲದು. ಚೀಲದ ಲೇಬಲ್ ಫೋಟೋ ತೆಗೆದಿಟ್ಟುಕೊಳ್ಳಿ.

ಗಂಡು ಹೆಣ್ಣು. ಇಲಿಯ ಲಿವರ್‌ನಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ದೊಡ್ಡದು. ಗಂಡು ರ್ಯಾಟ್‌ನಲ್ಲಿ ಸಿಪ್2ಸಿ11, ಹೆಣ್ಣಿನಲ್ಲಿ ಸಿಪ್2ಸಿ12. ಬೆಳವಣಿಗೆ ಹಾರ್ಮೋನ್ ಗಂಡಿನಲ್ಲಿ ಬಿಟ್ಟು ಬಿಟ್ಟು ಉಕ್ಕುತ್ತದೆ, ಹೆಣ್ಣಿನಲ್ಲಿ ಹೆಚ್ಚುಕಡಿಮೆ ಸದಾ ಇರುತ್ತದೆ. ಕಾರಣ ಅದು. ಎರಡನ್ನೂ ಬಳಸಿ, ಆದರೆ ಬೇರೆ ಬೇರೆ ಗುಂಪಾಗಿ. ಒಂದೇ ಗುಂಪಿಗೆ ಕಲಸಬೇಡಿ.

ಹೊಂದಿಕೊಳ್ಳಲು ಸಮಯ. ಲಾರಿಯಲ್ಲಿ ಬಂದಿಳಿದ ಇಲಿಗೆ ಕಡಿಮೆ ಅಂದರೂ ಒಂದು ವಾರ ಬಿಡುವು ಕೊಡಿ. ದೀಪ 12 ಗಂಟೆ ಹೊತ್ತಬೇಕು, 12 ಗಂಟೆ ಆರಬೇಕು. ರಾತ್ರಿ ಕಾವಲುಗಾರ ದೀಪ ಹಾಕಿ ನೋಡುವ ಅಭ್ಯಾಸ ಇದ್ದರೆ ಅದಕ್ಕೂ ಒಂದು ದಾರಿ ಹುಡುಕಿ.

ಗುಂಪು ಹಂಚಿಕೆ. ಗುಂಪಿಗೆ 6 ಇಲಿ ಇಟ್ಟರೆ ಸಿಪ್2ಬಿ10ನಂಥ ದೊಡ್ಡ ಏರಿಕೆ ಹಿಡಿಯಲು ಸಾಕು. ಒಂದೂವರೆ ಪಟ್ಟಿನ ಸಣ್ಣ ಬದಲಾವಣೆ ಹಿಡಿಯಬೇಕಾದರೆ ಸಾಲದೇ ಹೋಗಬಹುದು, ಮೊದಲೇ ಲೆಕ್ಕ ಹಾಕಿ. ಯಾವ ಇಲಿ ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿ ಅಥವಾ ಕಂಪ್ಯೂಟರ್‌ನಿಂದ ನಿರ್ಧರಿಸಿ. ಕೈಗೆ ಮೊದಲು ಸಿಕ್ಕ ಇಲಿ ಕಂಟ್ರೋಲ್‌ಗೆ ಹಾಕಿದರೆ ಮೆತ್ತಗಿರುವ ಇಲಿಗಳೆಲ್ಲ ಒಂದೇ ಕಡೆ ಸೇರುತ್ತವೆ.

## ಹಂತ 4: ಡೋಸ್ ಕೊಡುವ ದಿನಗಳು

ಪ್ರತಿ ದಿನ ಅದೇ ಹೊತ್ತು. ಬೆಳಗ್ಗೆ 9 ಅಂದರೆ 9.

ಫಿನೋಬಾರ್ಬಿಟಲ್‌ನ ಮೊದಲ ಡೋಸ್‌ಗೆ ಮೌಸ್ ತೂಕಡಿಸುತ್ತದೆ, ಹೆಜ್ಜೆ ತಪ್ಪುತ್ತದೆ. ಮೈ ತಣ್ಣಗಾಗದಂತೆ ನೋಡಿಕೊಳ್ಳಿ. ನಿದ್ದೆಯಲ್ಲಿದ್ದ ಇಲಿ ಊಟ ಮಾಡುವುದಿಲ್ಲ. ಇಲ್ಲಿಂದಲೇ ಅತಿ ಮೋಸದ ತಪ್ಪು ಶುರುವಾಗುತ್ತದೆ.

ಹಸಿದ ಇಲಿಯ ಲಿವರ್‌ನಲ್ಲಿ ಪಿಪಿಎಆರ್-ಆಲ್ಫಾ ತಾನಾಗಿ ಎಚ್ಚರಗೊಳ್ಳುತ್ತದೆ. ಸಿಪ್4ಎ14, ಪಿಡಿಕೆ4, ಎಫ್‌ಜಿಎಫ್21 ಏರುತ್ತವೆ. ನಿಮ್ಮ ರಾಸಾಯನಿಕ ಬಾಯಿಗೆ ಕಹಿ ಇದ್ದರೂ, ಹೊಟ್ಟೆ ಕೆಡಿಸಿದರೂ, ಬರೀ ನಿದ್ದೆ ತರಿಸಿದರೂ ಇದೇ ಚಿತ್ರ ಬರುತ್ತದೆ. ಆಮೇಲೆ ನೀವು “ಈ ರಾಸಾಯನಿಕ ಪಿಪಿಎಆರ್-ಆಲ್ಫಾ ಎಬ್ಬಿಸುತ್ತದೆ” ಅಂತ ಬರೆಯುತ್ತೀರಿ. ಎಬ್ಬಿಸಿದ್ದು ಹಸಿವು.

ಆದ್ದರಿಂದ ಪಂಜರದ ಆಹಾರ ಪ್ರತಿ ದಿನ ತೂಗಿ ಬರೆಯಿರಿ. ಔಷಧದ ಗುಂಪು ಕಡಿಮೆ ತಿಂದಿದ್ದರೆ, ಅಷ್ಟೇ ಆಹಾರ ಸಿಗುವ ಇನ್ನೊಂದು ಕಂಟ್ರೋಲ್ ಗುಂಪು ಬೇಕು. ಖರ್ಚಿನ ಮಾತು ನಿಜ. ಆದರೆ ವಿಮರ್ಶಕರು ಕೇಳಿದ ಮೇಲೆ ಮತ್ತೆ ಮಾಡುವುದು ಇನ್ನೂ ದುಬಾರಿ.

ಎಚ್ಚರಿಕೆಯ ಗುರುತುಗಳು: ತೂಕ 10 ಶೇಕಡಾಕ್ಕಿಂತ ಜಾಸ್ತಿ ಇಳಿಯುವುದು, ಕೂದಲು ನಿಮಿರುವುದು, ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂರುವುದು, ಹೊಟ್ಟೆ ಬಿಗಿಯಾಗುವುದು. ಇವು ಕಂಡರೆ ಡೋಸ್ ಹೆಚ್ಚಾಗಿದೆ ಅಥವಾ ಸೂಜಿ ಕರುಳಿಗೆ ತಾಗಿದೆ. ಪಶುವೈದ್ಯರನ್ನು ಕರೆಯಿರಿ. ಒಳಗೆ ಸೋಂಕಾದರೆ ಉರಿಯೂತದಿಂದ ಸಿಪ್ ಜೀನ್‌ಗಳು ಕುಸಿಯುತ್ತವೆ. ಆ ಲಿವರ್ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ.

## ಹಂತ 5: ಲಿವರ್ ತೆಗೆಯುವ ದಿನ

ಈ ದಿನದ ಕ್ರಮವನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ.

1. ಸರದಿ. ಒಂದು ಕಂಟ್ರೋಲ್, ಒಂದು ಔಷಧ, ಒಂದು ಪಾಸಿಟಿವ್, ಮತ್ತೆ ಕಂಟ್ರೋಲ್. ಹೀಗೇ ಹೋಗಬೇಕು. ಕಂಟ್ರೋಲ್ ಎಲ್ಲ ಬೆಳಗ್ಗೆ ಮುಗಿಸಿ, ಊಟ ಮಾಡಿ ಬಂದು ಔಷಧದ ಗುಂಪು ಶುರು ಮಾಡುವವರೇ ಜಾಸ್ತಿ. ಲಿವರ್‌ಗೆ ಗಡಿಯಾರ ಇದೆ. ಡಿಬಿಪಿ ಅನ್ನುವ ಜೀನ್ ಒಂದೇ ದಿನದೊಳಗೆ ಹತ್ತಾರು ಪಟ್ಟು ಏರಿ ಇಳಿಯುತ್ತದೆ. ನೀವು ಅಳೆದದ್ದು ಔಷಧವನ್ನಲ್ಲ, ಮಧ್ಯಾಹ್ನವನ್ನು ಅಂತ ಆಗುತ್ತದೆ.

2. ಅರಿವಳಿಕೆ. ಎಲ್ಲ ಇಲಿಗೂ ಒಂದೇ ವಿಧಾನ, ಸಮಿತಿ ಒಪ್ಪಿದ್ದೇ. ಪೆಂಟೋಬಾರ್ಬಿಟಲ್ ಬೇಡ. ಅದೂ ಫಿನೋಬಾರ್ಬಿಟಲ್‌ನ ಬಳಗವೇ, ಸುಮ್ನೆ ಯಾಕೆ ತಕರಾರು.

3. ತೂಕ. ಇಲಿಯ ತೂಕ, ಲಿವರ್‌ನ ತೂಕ ಎರಡೂ. ಫಿನೋಬಾರ್ಬಿಟಲ್ ಕೆಲಸ ಮಾಡಿದ್ದರೆ ದೇಹದ ತೂಕಕ್ಕೆ ಹೋಲಿಸಿದರೆ ಲಿವರ್ ಕಂಟ್ರೋಲ್‌ಗಿಂತ ದೊಡ್ಡದಾಗಿರುವುದು ಸಾಮಾನ್ಯ. ಮುಂದಿನ ಸಂಖ್ಯೆಗಳ ಮೊದಲ ಸುಳಿವು ಇಲ್ಲೇ ಸಿಗುತ್ತದೆ.

4. ಪಿತ್ತಕೋಶ. ಮೌಸ್‌ಗೆ ಇದೆ, ರ್ಯಾಟ್‌ಗೆ ಇಲ್ಲ. ಮೌಸ್‌ನಲ್ಲಿ ಅದನ್ನು ಒಡೆಯದೆ ತೆಗೆಯಿರಿ. ಪಿತ್ತ ಚೆಲ್ಲಿದ ತುಂಡು ಆರ್‌ಎನ್‌ಎಗೆ ಬೇಡ.

5. ಒಂದೇ ಹಾಲೆ. ಎಡಬದಿಯ ದೊಡ್ಡ ಹಾಲೆ ಅಂತ ನಿರ್ಧರಿಸಿದರೆ ಎಲ್ಲ ಇಲಿಯಲ್ಲೂ ಅದೇ. ಲಿವರ್ ಒಳಗೆ ಎಲ್ಲ ಕೋಶವೂ ಒಂದೇ ಥರ ಅಲ್ಲ. ಸಿಪ್2ಬಿ ಏರುವುದು ಮುಖ್ಯವಾಗಿ ನಡುರಕ್ತನಾಳದ ಸುತ್ತಲಿನ ಕೋಶಗಳಲ್ಲಿ. ಅಂಚಿನಿಂದ ಒಂದು ಚೂರು, ನಡುವಿನಿಂದ ಒಂದು ಚೂರು ಅಂತ ಕತ್ತರಿಸಿದರೆ ಇಲಿಯಿಂದ ಇಲಿಗೆ ವ್ಯತ್ಯಾಸ ಹುಟ್ಟಿಸಿದವರು ನೀವೇ.

6. ಹಂಚಿಕೆ. ಬೇಳೆಕಾಳಿನಷ್ಟು ದೊಡ್ಡ ಮೂರು ನಾಲ್ಕು ತುಂಡು ಬೇರೆ ಬೇರೆ ಟ್ಯೂಬ್‌ಗೆ ಹಾಕಿ ನೇರ ಲಿಕ್ವಿಡ್ ನೈಟ್ರೋಜನ್‌ಗೆ. ಒಂದು ತೆಳು ಹೋಳು ಫಾರ್ಮಲಿನ್‌ಗೆ. ಉಳಿದದ್ದು ಪ್ರೋಟೀನ್ ಕೆಲಸಕ್ಕೆ. ಇಡೀ ಲಿವರ್ ಒಂದೇ ಟ್ಯೂಬ್‌ಗೆ ತುರುಕಿದರೆ ಪ್ರತಿ ಸಲ ಒಂದು ಚೂರಿಗಾಗಿ ಎಲ್ಲವನ್ನೂ ಕರಗಿಸಬೇಕಾಗುತ್ತದೆ.

7. ರಕ್ತ. ಸೀರಂ ಎತ್ತಿಟ್ಟು ಎಎಲ್‌ಟಿ (ಲಿವರ್ ಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ) ನೋಡಿ. ಅದು ಜೋರಾಗಿ ಏರಿದ್ದರೆ ಲಿವರ್ ಸಾಯುತ್ತಿದೆ. ಆಗ ಸಿಪ್ ಜೀನ್ ಇಳಿದದ್ದು ‘ನಿಯಂತ್ರಣ’ ಅಲ್ಲ, ಆ ಜೀನ್ ಇಟ್ಟುಕೊಂಡಿದ್ದ ಕೋಶಗಳೇ ಹೋಗಿರಬಹುದು.

ಹೊಟ್ಟೆ ತೆರೆದಾಗಿನಿಂದ ನೈಟ್ರೋಜನ್‌ಗೆ ಹಾಕುವವರೆಗೆ ಎಷ್ಟು ನಿಮಿಷ ಆಯಿತು ಅಂತ ಬರೆಯಿರಿ. ಎರಡು ಮೂರು ನಿಮಿಷದ ಒಳಗೆ ಮುಗಿಸಲು ಇಬ್ಬರು ಬೇಕು. ಒಬ್ಬರೇ ಮಾಡಿದರೆ ಕೊನೆಯ ಇಲಿಗಳಿಗೆ ನಿಮ್ಮ ಸುಸ್ತಿನ ಬೆಲೆ ಬೀಳುತ್ತದೆ.

## ಹಂತ 6: ಆರ್‌ಎನ್‌ಎ ತೆಗೆಯುವುದು

ಲಿವರ್‌ನಲ್ಲಿ ಆರ್‌ಎನ್‌ಎ ಧಾರಾಳ. ಒಂದು ಮಿ.ಗ್ರಾಂ ಲಿವರ್‌ನಿಂದ 6ರಿಂದ 10 ಮೈಕ್ರೋಗ್ರಾಂ ಸಿಗುತ್ತದೆ. ಅಂದರೆ 30 ಮಿ.ಗ್ರಾಂ ತುಂಡು ಸಾಕು, ಜಾಸ್ತಿ ಬೇಡ. “ಸ್ವಲ್ಪ ಹೆಚ್ಚಿಗೆ ಹಾಕಿದರೆ ಒಳ್ಳೆಯದಲ್ವಾ” ಅಂತ 150 ಮಿ.ಗ್ರಾಂ ಹಾಕುವುದೇ ಇಲ್ಲಿ ಸಾಮಾನ್ಯ ತಪ್ಪು. ಟ್ರೈಜಾಲ್‌ಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ಪದರ ಸರಿಯಾಗಿ ಬೇರೆಯಾಗುವುದಿಲ್ಲ, ಡಿಎನ್‌ಎ ಕೂಡ ಮೇಲೆ ಬರುತ್ತದೆ.

ತುಂಡು ಕರಗುವ ಮೊದಲೇ ಟ್ರೈಜಾಲ್‌ಗೆ ಬೀಳಬೇಕು, ತಕ್ಷಣ ಅರೆಯಬೇಕು. ಒಂದು ಮಿ.ಲೀ. ಟ್ರೈಜಾಲ್‌ಗೆ 0.2 ಮಿ.ಲೀ. ಕ್ಲೋರೋಫಾರ್ಮ್. 4 ಡಿಗ್ರಿಯಲ್ಲಿ, 12,000 ಜಿ ವೇಗದಲ್ಲಿ 15 ನಿಮಿಷ. ಮೇಲಿನ ಬಣ್ಣವಿಲ್ಲದ ಪದರವನ್ನು ಮಾತ್ರ ತೆಗೆಯಿರಿ. ಕೊನೆಯ 100 ಮೈಕ್ರೋಲೀಟರ್ ಆಸೆ ಬಿಡಿ, ನಡುವಿನ ಬಿಳಿ ಪದರ ಅದರಲ್ಲೇ ಎದ್ದು ಬರುವುದು. 0.5 ಮಿ.ಲೀ. ಐಸೋಪ್ರೊಪನಾಲ್‌ನಿಂದ ಆರ್‌ಎನ್‌ಎ ಕೂರಿಸಿ, 75 ಶೇಕಡಾ ಎಥನಾಲ್‌ನಲ್ಲಿ ಎರಡು ಸಲ ತೊಳೆಯಿರಿ. ಆಮೇಲೆ ಡಿಎನ್‌ಏಸ್.

ನ್ಯಾನೋಡ್ರಾಪ್‌ನಲ್ಲಿ 260/280 ಅನುಪಾತ (ಆ ಎರಡು ತರಂಗಾಂತರದ ಬೆಳಕು ಎಷ್ಟು ಹೀರಿತು ಅನ್ನುವುದರ ಅನುಪಾತ) 2ರ ಹತ್ತಿರ ಇರಲಿ. 260/230 ಅನುಪಾತ 1ಕ್ಕಿಂತ ಕೆಳಗೆ ಬಿದ್ದಿದ್ದರೆ ಗ್ವಾನಿಡಿನ್ ಅಥವಾ ಫಿನಾಲ್ ಉಳಿದಿದೆ, ಮತ್ತೊಮ್ಮೆ ತೊಳೆಯಿರಿ. ಲಿವರ್‌ನ ಗ್ಲೈಕೋಜನ್ (ಲಿವರ್ ಕೂಡಿಟ್ಟ ಸಕ್ಕರೆ) ಕೂಡ ಆರ್‌ಎನ್‌ಎ ಜೊತೆ ಕೂತು ಟ್ಯೂಬ್ ತಳದ ಬಿಳಿ ಗಡ್ಡೆಯನ್ನು ಸುಳ್ಳೇ ದೊಡ್ಡದು ಮಾಡುತ್ತದೆ. ಗಡ್ಡೆ ದಪ್ಪ ಇದೆ ಅಂತ ಖುಷಿಪಡಬೇಡಿ. ಹಸಿದ ಇಲಿಯಲ್ಲಿ ಗ್ಲೈಕೋಜನ್ ಇರುವುದಿಲ್ಲ, ಹೊಟ್ಟೆ ತುಂಬಿದ್ದರಲ್ಲಿ ಇರುತ್ತದೆ. ಹಂತ 4ರ ತಪ್ಪು ಮತ್ತೆ ಇಲ್ಲಿ ಮುಖ ತೋರಿಸಬಹುದು.

ಶುದ್ಧತೆ ಬೇರೆ, ಮುರಿಯದೆ ಇರುವುದು ಬೇರೆ. ಜೆಲ್ ಓಡಿಸಿ. 28ಎಸ್ ಮತ್ತು 18ಎಸ್ ಎಂಬ ರೈಬೋಸೋಮ್ ಆರ್‌ಎನ್‌ಎಯ ಎರಡು ಗೆರೆ ಸ್ಪಷ್ಟ ಕಾಣಬೇಕು, ಕೆಳಗೆ ಮಸಿ ಬಳಿದಂತೆ ಇರಬಾರದು.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ: ಟ್ರೈಜಾಲ್ ಚೆಲ್ಲಿದ ಕಡೆ ಬ್ಲೀಚ್ ಹಾಕಬೇಡಿ. ಗ್ವಾನಿಡಿನ್ ಜೊತೆ ಸೇರಿ ವಿಷಗಾಳಿ ಏಳುತ್ತದೆ.

## ಹಂತ 7: ಸಿಡಿಎನ್‌ಎ ಮತ್ತು ಪ್ರೈಮರ್

ಸಿಡಿಎನ್‌ಎ (ಆರ್‌ಎನ್‌ಎ ನೋಡಿ ಮಾಡಿದ ಡಿಎನ್‌ಎ ಪ್ರತಿ) ಸುಲಭದ ಹಂತ. ಎಲ್ಲ ಇಲಿಯಿಂದಲೂ 1 ಮೈಕ್ರೋಗ್ರಾಂ ಆರ್‌ಎನ್‌ಎ, ಎಲ್ಲವೂ ಒಂದೇ ದಿನ, ಒಂದೇ ಮಿಶ್ರಣದಿಂದ. ಕಿಣ್ವ ಹಾಕದ ಟ್ಯೂಬ್ ಕೆಲವಾದರೂ ಇರಲಿ. ಅವುಗಳಲ್ಲಿ ಸಂಕೇತ ಬಂದರೆ ಡಿಎನ್‌ಎ ಉಳಿದಿದೆ.

ಪ್ರೈಮರ್‌ನಲ್ಲಿ ಎಡವುವವರು ಜಾಸ್ತಿ. ಸಿಪ್ ಜೀನ್‌ಗಳು ಅಣ್ಣತಮ್ಮಂದಿರ ಹಾಗೆ ಒಂದೇ ಮುಖ. ರ್ಯಾಟ್‌ನ ಸಿಪ್2ಬಿ1 ಮತ್ತು ಸಿಪ್2ಬಿ2 ಪ್ರೋಟೀನ್‌ಗಳು 97 ಶೇಕಡಾ ಒಂದೇ. ಯಾವುದೋ ಪೇಪರ್‌ನಿಂದ ಪ್ರೈಮರ್ ನಕಲು ಮಾಡಿದರೆ ಯಾವುದನ್ನು ಅಳೆಯುತ್ತಿದ್ದೀರಿ ಅಂತ ಗೊತ್ತಿರುವುದಿಲ್ಲ. ಪ್ರೈಮರ್ ಯಾವ ಜೀನ್‌ಗೆ ಅಂಟುತ್ತದೆ ಅಂತ ತೋರಿಸುವ ಆನ್‌ಲೈನ್ ಸಾಧನ ಪ್ರೈಮರ್-ಬ್ಲಾಸ್ಟ್‌ನಲ್ಲಿ ಹಾಕಿ ನೀವೇ ನೋಡಿ. ಮೌಸ್‌ನ ಸಿಪ್2ಬಿ10 ಪ್ರೈಮರ್ ತಂದು ರ್ಯಾಟ್‌ನಲ್ಲಿ ಹಾಕಿ “ಬರ್ತಿಲ್ಲ ಸರ್” ಅಂದವರೂ ಇದ್ದಾರೆ. ಬರುವುದಾದರೂ ಹೇಗೆ?

ಸಿಡಿಎನ್‌ಎಯನ್ನು 10 ಪಟ್ಟು ತೆಳು ಮಾಡುತ್ತಾ 5 ಮಟ್ಟ ಓಡಿಸಿ. ಪ್ರತಿ ಮಟ್ಟದ ಸಿಟಿಯನ್ನು (ಸಂಕೇತ ಮೊದಲು ಕಾಣುವ ಸೈಕಲ್‌ನ ಸಂಖ್ಯೆ, ಜೀನ್ ಜಾಸ್ತಿ ಇದ್ದಷ್ಟೂ ಕಡಿಮೆ) ಪ್ರಮಾಣದ ಲಾಗ್ ಎದುರು ಗುರುತಿಸಿ ಗೆರೆ ಎಳೆಯಿರಿ. ಗೆರೆಯ ಇಳಿಜಾರು ಮೈನಸ್ 3.32 ಬಂದರೆ ಪ್ರೈಮರ್ ಪೂರ್ತಿ 100 ಶೇಕಡಾ ಕೆಲಸ ಮಾಡುತ್ತಿದೆ. ಮೈನಸ್ 3.1ರಿಂದ 3.6ರ ನಡುವೆ ಇದ್ದರೆ ಬಳಸಬಹುದು. ಮೆಲ್ಟ್ ಕರ್ವ್‌ನಲ್ಲಿ (ಬಂದ ಡಿಎನ್‌ಎಯನ್ನು ಬಿಸಿ ಮಾಡುತ್ತಾ ಬಿಡಿಸುವ ಚಿತ್ರ) ಒಂದೇ ಶಿಖರ ಇರಬೇಕು.

## ಹಂತ 8: ಹೋಲಿಕೆಯ ಜೀನ್

ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಆರ್‌ಎನ್‌ಎ ಹೆಚ್ಚುಕಡಿಮೆ ಆದದ್ದನ್ನು ಸರಿದೂಗಿಸಲು, ಬದಲಾಗದ ಒಂದು ಜೀನ್‌ಗೆ ಹೋಲಿಸಿ ಅಳೆಯಬೇಕು. ಅದಕ್ಕೆ ಜಿಎಪಿಡಿಎಚ್ ಒಂದನ್ನೇ ಹಿಡಿದುಕೊಂಡು ಹೋಗುವ ಕಾಲ ಮುಗಿಯಿತು. ಅದು ಸಕ್ಕರೆ ಒಡೆಯುವ ದಾರಿಯ ಕಿಣ್ವ, ಇನ್ಸುಲಿನ್ ಮಾತು ಕೇಳುತ್ತದೆ. ಊಟ ಬಿಟ್ಟ ಇಲಿಯಲ್ಲಿ ಅದು ಅಲುಗಾಡದೆ ನಿಲ್ಲುತ್ತದೆ ಅಂತ ಯಾವ ಧೈರ್ಯದ ಮೇಲೆ ಹೇಳುತ್ತೀರಿ? ಲಿವರ್ ಬೆಳೆಯುತ್ತಿದ್ದರೆ ಆಕ್ಟಿನ್ ಏರುತ್ತದೆ. ಉರಿಯೂತ ಇದ್ದರೆ ಬಿ2ಎಂ ಏರುತ್ತದೆ. 18ಎಸ್ ಎಷ್ಟು ಜಾಸ್ತಿ ಇದೆ ಅಂದರೆ ನಿಮ್ಮ ಜೀನ್ ಪಕ್ಕ ಆನೆ ನಿಂತಂತೆ.

ಎಚ್‌ಪಿಆರ್‌ಟಿ, ಪಿಪಿಐಎ, ಟಿಬಿಪಿ, ಇನ್ನೂ ಒಂದೆರಡು ಸೇರಿಸಿ ಮೊದಲು ನಿಮ್ಮ ಎಲ್ಲ ಸ್ಯಾಂಪಲ್‌ನಲ್ಲಿ ಓಡಿಸಿ. ಗುಂಪಿನಿಂದ ಗುಂಪಿಗೆ ಕದಲದ ಎರಡು ಮೂರನ್ನು ಆರಿಸಿ ಅವುಗಳ ಸರಾಸರಿ ಬಳಸಿ. ಆರಿಸಲು ಜೀನಾರ್ಮ್‌ನಂಥ ಉಚಿತ ವಿಧಾನಗಳಿವೆ.

ಇನ್ನು ನನ್ನದೇ ಒಂದು ಅಭ್ಯಾಸ. ಪ್ರತಿ ಪ್ಲೇಟ್‌ನಲ್ಲಿ ಮೂರು ಕಾವಲು ಜೀನ್ ಇಡುತ್ತೇನೆ: ಹೊತ್ತಿಗೆ ಡಿಬಿಪಿ, ಹಸಿವಿಗೆ ಪಿಡಿಕೆ4, ಉರಿಯೂತಕ್ಕೆ ಎಸ್‌ಎಎ1. ಒಂದು ಇಲಿ ಗುಂಪಿನಿಂದ ದೂರ ನಿಂತಾಗ ಮೊದಲು ಈ ಮೂರನ್ನು ನೋಡುತ್ತೇನೆ. ಆ ‘5 ಪಟ್ಟು’ ಮತ್ತು ‘300 ಪಟ್ಟು’ ಇಲಿಗಳ ಕಥೆಯಲ್ಲಿ 5 ಪಟ್ಟಿನ ಇಲಿಗೆ ಎಸ್‌ಎಎ1 ಗಗನಕ್ಕೇರಿತ್ತು. ಹೊಟ್ಟೆಯಲ್ಲಿ ಕೀವು ಇತ್ತು ಅಂತ ನೋಟ್‌ಬುಕ್‌ನಲ್ಲಿ ಅವರೇ ಬರೆದಿದ್ದರು, ಮರೆತಿದ್ದರು.

## ಹಂತ 9: ಲೆಕ್ಕ

ಅಂಕಿಗಳನ್ನು ಉದಾಹರಣೆಗೆ ಹಾಕುತ್ತೇನೆ. ಕಂಟ್ರೋಲ್‌ನಲ್ಲಿ ಸಿಪ್2ಬಿ10ರ ಸಿಟಿ 28.0, ಹೋಲಿಕೆ ಜೀನ್‌ನ ಸಿಟಿ 20.0. ವ್ಯತ್ಯಾಸ 8.0. ಔಷಧದ ಗುಂಪಿನಲ್ಲಿ 22.5 ಮತ್ತು 20.1. ವ್ಯತ್ಯಾಸ 2.4. ಎರಡು ವ್ಯತ್ಯಾಸಗಳ ಅಂತರ 5.6. ಎರಡರ 5.6ನೇ ಘಾತ ಸುಮಾರು 48. ಅಂದರೆ 48 ಪಟ್ಟು ಏರಿದೆ. ಹೋಲಿಕೆ ಜೀನ್ ತಾನೇ ಒಂದು ಸೈಕಲ್ ಜಾರಿದ್ದರೆ ಇದೇ ಉತ್ತರ 24 ಅಥವಾ 96 ಆಗುತ್ತಿತ್ತು. ಹಂತ 8ರಲ್ಲಿ ಅಷ್ಟು ಹೊತ್ತು ಕೂಗಾಡಿದ್ದು ಇದಕ್ಕೇ.

ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು, ಒಂದು ಇಲಿಯ ಸಿಡಿಎನ್‌ಎ ಪ್ಲೇಟ್‌ನ ಮೂರು ಬಾವಿಯಲ್ಲಿ (ವೆಲ್) ಹಾಕಿ “ಮೂರು ಸ್ಯಾಂಪಲ್” ಅನ್ನುವುದು. ಅದು ಒಂದೇ ಇಲಿ. ಆರು ಇಲಿ ಅಂದರೆ ಎಣಿಕೆ ಆರು, ಹದಿನೆಂಟಲ್ಲ. ಎಲ್ಲ ಇಲಿಯ ಆರ್‌ಎನ್‌ಎ ಒಂದೇ ಟ್ಯೂಬ್‌ಗೆ ಸುರಿದರೆ ಎಣಿಕೆ ಒಂದು.

ಎರಡನೆಯದು, ಅಂಕಿಅಂಶ ಪರೀಕ್ಷೆಯನ್ನು ಪಟ್ಟುಗಳ ಮೇಲೆ ಮಾಡುವುದು. ಸಿಟಿ ವ್ಯತ್ಯಾಸಗಳ ಮೇಲೆ ಮಾಡಿ, ಚಿತ್ರದಲ್ಲಿ ಪಟ್ಟು ತೋರಿಸಿ. ಪ್ರತಿ ಇಲಿಗೂ ಒಂದು ಚುಕ್ಕೆ ಹಾಕಿ. ಬರೀ ಕಂಬ ನಿಲ್ಲಿಸಿದರೆ ಒಳಗೇನಿದೆ ಕಾಣುವುದಿಲ್ಲ.

ಮೂರನೆಯದು, ದೊಡ್ಡ ಪಟ್ಟುಗಳಿಗೆ ಮರುಳಾಗುವುದು. ಕಂಟ್ರೋಲ್ ಸಿಟಿ 34, 35 ಇದ್ದರೆ ಅಲ್ಲಿ ಜೀನ್ ಇದ್ದರೂ ಇಲ್ಲದಂತೆ. ಸೊನ್ನೆಯ ಹತ್ತಿರದ ಸಂಖ್ಯೆಯಿಂದ ಭಾಗಿಸಿದರೆ 1,000 ಪಟ್ಟೂ ಬರುತ್ತದೆ, 3,000 ಪಟ್ಟೂ ಬರುತ್ತದೆ. ಅವೆರಡರ ನಡುವೆ ಜೀವಶಾಸ್ತ್ರದ ವ್ಯತ್ಯಾಸ ಹುಡುಕಬೇಡಿ.

ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ ಹೋಗುವವರಿಗೂ ಹಂತ 1ರಿಂದ 6ರವರೆಗೆ ಒಂದಕ್ಷರ ಬದಲಾಗುವುದಿಲ್ಲ. ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧ ಮಾಡಿದ ಸ್ಯಾಂಪಲ್) ಮಾಡುವಾಗ ಕಂಟ್ರೋಲ್ ಒಂದು ಬ್ಯಾಚ್, ಔಷಧ ಇನ್ನೊಂದು ಬ್ಯಾಚ್ ಆಗದಂತೆ, ಪ್ರತಿ ಬ್ಯಾಚ್‌ನಲ್ಲೂ ಎಲ್ಲ ಗುಂಪಿನ ಟ್ಯೂಬ್ ಇರುವಂತೆ ಹಂಚಿ ಕಳಿಸಿ. ಬಂದ ಪಟ್ಟಿಯನ್ನು ಓಪನ್ ಟಿಜಿ-ಗೇಟ್ಸ್ ಎಂಬ ಜಪಾನಿನ ಸಾರ್ವಜನಿಕ ಸಂಗ್ರಹದ ಜೊತೆ ಹೋಲಿಸಿ. ಸುಮಾರು 170 ರಾಸಾಯನಿಕಗಳಿಗೆ ರ್ಯಾಟ್ ಲಿವರ್ ಹೇಗೆ ಉತ್ತರಿಸಿತು ಅನ್ನುವುದು ಅಲ್ಲಿ ಉಚಿತವಾಗಿ ಸಿಗುತ್ತದೆ.

## ಹಂತ 10: ಏರಿದೆ. ಹಾಗಂದರೆ ಏನು?

ಸಿಪ್2ಬಿ10 ಏರಿತು, ಆದ್ದರಿಂದ ಕಾರ್ ಎಚ್ಚರವಾಯಿತು ಅಂತ ನೇರ ಬರೆಯಬೇಡಿ. ಕಾರ್ ಮತ್ತು ಪಿಎಕ್ಸ್‌ಆರ್ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಬರುತ್ತಾರೆ. ಸಿಪ್3ಎ11 ಅನ್ನು ಕಾರ್ ಕೂಡ ಏರಿಸಬಲ್ಲದು, ಸಿಪ್2ಬಿ10 ಅನ್ನು ಪಿಎಕ್ಸ್‌ಆರ್ ಕೂಡ. ಯಾವುದು ಹೆಚ್ಚು ಏರಿತು, ಯಾವುದು ಮೊದಲು ಏರಿತು ನೋಡಿ. ಗಟ್ಟಿ ಸಾಕ್ಷಿ ಬೇಕಿದ್ದರೆ ಕಾರ್ ಇಲ್ಲದ ಮೌಸ್‌ನಲ್ಲಿ ಅದೇ ಪ್ರಯೋಗ ಮಾಡಿ. ಅಲ್ಲಿ ಏರಿಕೆ ಮಾಯವಾದರೆ ಮಾತು ಮುಗಿಯಿತು.

‘ಕಾರ್‌ಗೆ ಅಂಟಿಕೊಂಡಿತು’ ಅನ್ನುವ ಮಾತಂತೂ ಬೇಡವೇ ಬೇಡ. ಫಿನೋಬಾರ್ಬಿಟಲ್ ಕಾರ್ ಅನ್ನು ಮುಟ್ಟುವುದೇ ಇಲ್ಲ. ಅದು ಕೋಶದ ಹೊರಮೈಯಲ್ಲಿರುವ, ಬೆಳವಣಿಗೆಯ ಸಂದೇಶ ಹಿಡಿಯುವ ಇಜಿಎಫ್ ರಿಸೆಪ್ಟರ್‌ನ ಸಂದೇಶ ತಡೆಯುತ್ತದೆ. ಆಗ ಕಾರ್ ಮೇಲಿದ್ದ ಒಂದು ಫಾಸ್ಫೇಟ್ ಕಳಚಿ ಅದು ನ್ಯೂಕ್ಲಿಯಸ್ ಒಳಗೆ ಹೋಗುತ್ತದೆ. ಟಿಸಿಪಿಒಬಿಒಪಿ ಮಾತ್ರ ನೇರ ಅಂಟುತ್ತದೆ. ಜೀನ್ ಅಳತೆಯಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ.

ಆರ್‌ಎನ್‌ಎ ಏರಿದಷ್ಟೇ ಪಟ್ಟು ಪ್ರೋಟೀನ್ ಏರುವುದಿಲ್ಲ. ಹಂತ 5ರಲ್ಲಿ ಎತ್ತಿಟ್ಟ ತುಂಡಿನಿಂದ ಮೈಕ್ರೋಸೋಮ್ (ಸಿಪ್ ಕಿಣ್ವಗಳಿರುವ ಪೊರೆಯ ಚೂರುಗಳು) ತೆಗೆದು, ಆಯಾ ಕಿಣ್ವಕ್ಕೆ ಒಡೆಯಲು ಒಂದು ವಸ್ತು ಕೊಟ್ಟು ಅದರ ಕೆಲಸ ಅಳೆಯಿರಿ. ಸಿಪ್2ಬಿಗೆ ಪೆಂಟಾಕ್ಸಿರೆಸೊರುಫಿನ್, ಸಿಪ್1ಎಗೆ ಇಥಾಕ್ಸಿರೆಸೊರುಫಿನ್, ಸಿಪ್3ಎಗೆ ಟೆಸ್ಟೊಸ್ಟೆರಾನ್, ಸಿಪ್4ಎಗೆ ಲಾರಿಕ್ ಆಮ್ಲ. ಫಾರ್ಮಲಿನ್ ಹೋಳನ್ನು ಪೆಥಾಲಜಿಯವರಿಗೆ ಕೊಡಿ, ಯಾವುದು ಯಾವ ಗುಂಪು ಅಂತ ಹೇಳದೆ.

ಕೊನೆಯದಾಗಿ ಮನುಷ್ಯರ ಮಾತು. ಕ್ಷಯದ ಔಷಧ ರಿಫಾಂಪಿಸಿನ್ ಮನುಷ್ಯರ ಪಿಎಕ್ಸ್‌ಆರ್ ಅನ್ನು ಜೋರಾಗಿ ಎಬ್ಬಿಸುತ್ತದೆ, ಇಲಿಯದ್ದು ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಪಿಸಿಎನ್ ತದ್ವಿರುದ್ಧ. ಪಿಪಿಎಆರ್-ಆಲ್ಫಾ ಎಬ್ಬಿಸುವ ಔಷಧಗಳು ಇಲಿಯ ಲಿವರ್‌ನಲ್ಲಿ ಗಡ್ಡೆ ತರುತ್ತವೆ, ಮನುಷ್ಯರು ಅದೇ ಬಳಗದ ಫೆನೋಫೈಬ್ರೇಟ್ ಅನ್ನು ವರ್ಷಗಟ್ಟಲೆ ನುಂಗುತ್ತಾರೆ. ನಿಮ್ಮ ರಾಸಾಯನಿಕ ಇಲಿಯಲ್ಲಿ ಸಿಪ್3ಎ ಎಬ್ಬಿಸಲಿಲ್ಲ ಅಂದರೆ ಅದು ಇಲಿಯ ಸುದ್ದಿ. ಮನುಷ್ಯರ ಬಗ್ಗೆ ಒಂದು ವಾಕ್ಯ ಬರೆಯಬೇಕಿದ್ದರೂ ಮನುಷ್ಯರ ಲಿವರ್ ಕೋಶಗಳಲ್ಲಿ, ರಿಫಾಂಪಿಸಿನ್ ಅನ್ನು ಪಾಸಿಟಿವ್ ಕಂಟ್ರೋಲ್ ಆಗಿ ಪಕ್ಕದಲ್ಲಿಟ್ಟು, ಹಂತ 6ರಿಂದ ಮತ್ತೆ ಶುರು ಮಾಡಿ.